ಎಡಗಾಲಿನ ಚಪ್ಪಲಿ ಹಾಗೂ ನಮ್ಮ ಬಚ್ಚಲದ ಕಲ್ಲಿನ ಬಗ್ಗೆ ಸಮುದ್ರರಾಜರಿಗೆ

ಗೆ,
ಶ್ರೀಮನ್ ಸಮುದ್ರರಾಜರು,
ಭೂಮಿಯ ಮುಕ್ಕಾಲು ಪಾಲು.
(ಅಂಚೆಯವರು ಬಂಗಾಳ ಕೊಲ್ಲಿಯ ಯಾವ ದಂಡೆಯಲ್ಲಿ ಹಾಕಿದರೂ ನಡೆದೀತು.)

ವಿಷಯ: ಚಪ್ಪಲಿ ಜಪ್ತಿ, ಅಮಾವಾಸ್ಯೆಯ ಗೈರುಹಾಜರಿ ಮತ್ತು ನಮ್ಮ ಬಚ್ಚಲದ ಮೇಲಿನ ತಮ್ಮ ಹಕ್ಕನ್ನು ಬಿಟ್ಟುಕೊಡುವ ಕುರಿತು.

ಮಾನ್ಯರೇ,

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಮತ್ತು ಚಿಂಚೋಳಿಯ ಸಮಸ್ತ ಮಹಾಜನರಿಗೂ, ತದನಂತರ ಉಳಿದ ಲೋಕಕ್ಕೂ, ಡಂಗುರ ಸಾರಿ ತಿಳಿಯಪಡಿಸುವುದೇನೆಂದರೆ: ಈ ವರ್ಷ, ಅಂದರೆ ಎರಡು ಸಾವಿರದ ಇಸವಿಯ ಚೈತ್ರ ಬಹುಳ ನವಮಿಯ ಬೆಳಗ್ಗೆ ಏಳೂವರೆಗೆ, ಎಂಟನೇ ನಂಬರಿನ, ಹೆಬ್ಬೆರಳಿನ ಹತ್ತಿರ ಒಮ್ಮೆ ಹೊಲಿಸಿದ, ನನ್ನ ಎಡಗಾಲಿನ ಚಪ್ಪಲಿಯು ತಮ್ಮ ವಶಕ್ಕೆ ಹೋಗಿರುತ್ತದೆ. ಇದು ಇತಿಹಾಸದಲ್ಲಿ ದಾಖಲಾಗಬೇಕಾದ ಸಂಗತಿ ಎಂದು ನಾನು ಹೇಳಿದಾಗ ನನ್ನ ಹೆಂಡತಿ ಹರಿಪ್ರಿಯಾ ನಕ್ಕಳು. ಆದರೆ ಒಂದು ಚಪ್ಪಲಿಯಿಂದ ಶುರುವಾದದ್ದು ಒಂದು ಮನೆತನದ ಸ್ನಾನವನ್ನೇ ಬೀದಿಗೆ ತಂದು ನಿಲ್ಲಿಸೀತೆಂದು ಆಗ ಅವಳಿಗಾಗಲಿ, ನನಗಾಗಲಿ ಎಲ್ಲಿ ಗೊತ್ತಿತ್ತು?

ತಾವು ಅಲ್ಲಿ ಕ್ಷೇಮವಾಗಿ ಉಬ್ಬುತ್ತ ಇಳಿಯುತ್ತ ಇದ್ದೀರೆಂದು ಭಾವಿಸಿದ್ದೇನೆ. ಇಲ್ಲಿ ನಾವು ಐದು ವಾರಗಳಿಂದ ಅಂಗಳದಲ್ಲಿ, ತುಳಸಿಕಟ್ಟೆಯಿಂದ ಮರ್ಯಾದೆಯ ಅಂತರ ಬಿಟ್ಟು, ಎರಡು ಹಳೆಯ ಚಾದರ ಅಡ್ಡ ಕಟ್ಟಿಕೊಂಡು ಸ್ನಾನ ಮಾಡುತ್ತ ಕ್ಷೇಮವಾಗಿದ್ದೇವೆ. ಗಾಳಿ ಬೀಸಿದಾಗ ಮಾತ್ರ ಕ್ಷೇಮಕ್ಕೆ ಸ್ವಲ್ಪ ಧಕ್ಕೆಯಾಗುತ್ತದೆ.

ಮೊದಲು ನನ್ನ ಪರಿಚಯ. ನಾನು ಪಾಂಡುರಂಗ, ಶಹಾಬಾದದ ಹೈಸ್ಕೂಲೊಂದರಲ್ಲಿ ಭೂಗೋಳದ ಮಾಸ್ತರ. ಇಪ್ಪತ್ತಾರು ವರ್ಷಗಳಿಂದ, ತಮ್ಮ ಮುಖವನ್ನು ಒಮ್ಮೆಯೂ ನೋಡದೆ, ತಮ್ಮ ಬಗ್ಗೆ ವರ್ಷಕ್ಕೆ ಹನ್ನೊಂದು ಪಿರಿಯಡ್ಡು ಅಧಿಕಾರವಾಣಿಯಿಂದ ಪಾಠ ಮಾಡುತ್ತ ಬಂದವನು. ನಕಾಶೆಯಲ್ಲಿ ತಮ್ಮನ್ನು ತುಂಬುವುದಕ್ಕೆ ನಾನು ಸವೆಸಿದ ನೀಲಿ ಸೀಮೆಸುಣ್ಣವನ್ನೆಲ್ಲ ಒಟ್ಟು ಮಾಡಿದ್ದರೆ ನಮ್ಮೂರ ಅರ್ಧ ಗೋಡೆಗಳಿಗೆ ಬಣ್ಣ ಬಳಿಯಬಹುದಿತ್ತು. ಇಂಥ ಹಳೆಯ ಭಕ್ತನ ವಿಷಯದಲ್ಲಿ ತಾವು ನಡೆದುಕೊಂಡ ರೀತಿ ತಮ್ಮ ಘನತೆಗೆ ಒಪ್ಪುವಂಥದೇ ಎಂಬುದನ್ನು ತಾವೇ ಶಾಂತಚಿತ್ತದಿಂದ ವಿಚಾರಿಸಬೇಕೆಂದು ಕೋರುತ್ತೇನೆ. ತಾವು ಶಾಂತಚಿತ್ತರಾಗಿರುವ ದಿನ ಯಾವುದೆಂದು ಹವಾಮಾನ ಇಲಾಖೆಯವರನ್ನು ಕೇಳಿ ತಿಳಿದುಕೊಳ್ಳುತ್ತೇನೆ.

ಆದರೆ ದೂರು ನನ್ನದಲ್ಲ, ನಮ್ಮ ಅತ್ಯಾರದ್ದು. ಅತ್ಯಾ ಎಂದರೆ ನನ್ನ ತಂದೆಯ ಅಕ್ಕ, ಜಾನಕೀಬಾಯಿ. ವಯಸ್ಸು ಎಪ್ಪತ್ತೆರಡು, ಐವತ್ತು ವರ್ಷಗಳಿಂದ ನಮ್ಮ ಮನೆಯಲ್ಲೇ ಇದ್ದಾರೆ. ಸೇಡಂ ಸೀಮೆಯಲ್ಲಿ ಹುಟ್ಟಿದವರಾದ್ದರಿಂದ ಸಿಟ್ಟು ಬಂದರೆ ಕನ್ನಡ, ಪ್ರೀತಿ ಬಂದರೆ ತೆಲುಗು. ಕಾಗಿಣಾ, ಭೀಮಾ, ಕೃಷ್ಣಾ, ಗೋದಾವರಿ ಎಲ್ಲದರಲ್ಲಿಯೂ ಮುಳುಗಿ ಎದ್ದವರು. ಹೋದ ದೀಪಾವಳಿಯಲ್ಲಿ ಎಣ್ಣೆ ಹಚ್ಚಿಸಿಕೊಳ್ಳುತ್ತ, "ನದಿ ಎಲ್ಲಾ ಮುಗದಾವ ಪಾಂಡ್ಯಾ. ಅವೆಲ್ಲಾ ಹೋಗಿ ಸೇರೋ ಜಾಗಾ ಒಂದು ಉಳದದ. ಈ ಮೊಣಕಾಲು ಇನ್ನೊಂದು ವರ್ಷ ನನ್ನ ಮಾತು ಕೇಳ್ತಾವ. ಆಮ್ಯಾಲೆ ನಾ ಅವುಗಳ ಮಾತು ಕೇಳಬೇಕಾಗ್ತದ" ಎಂದರು. ಅಂದರೆ, ಸ್ವಾಮೀ, ಅವರು ಈ ಜನ್ಮದಲ್ಲಿ ಇನ್ನೂ ಬಯಸುತ್ತಿದ್ದುದು ಒಂದೇ ಒಂದು ಸಮುದ್ರಸ್ನಾನ. ತಮ್ಮ ಹತ್ತಿರ ಇರುವ ದಾಸ್ತಾನನ್ನು ನೋಡಿದರೆ ಇದು ಅತಿಯಾಸೆ ಅನ್ನಿಸಲಿಕ್ಕಿಲ್ಲ.

ಅಡಚಣೆ ಒಂದೇ. ನಮ್ಮ ಹಿರಿಯರ ಪದ್ಧತಿಯ ಪ್ರಕಾರ ತಮ್ಮನ್ನು ದೂರದಿಂದ ಕೈಮುಗಿಯಬೇಕೇ ಹೊರತು ಪರ್ವಕಾಲದ ಹೊರತಾಗಿ ಮುಟ್ಟಬಾರದು. ಅಮಾವಾಸ್ಯೆಗೆ ಮುಟ್ಟಬಹುದು, ಹುಣ್ಣಿಮೆಗೆ ಮುಟ್ಟಬಹುದು, ಉಳಿದ ದಿನ ತಾವು ಎಷ್ಟೇ ಹತ್ತಿರ ಬಂದರೂ ನಾವು ಹಿಂದೆ ಸರಿಯಬೇಕು. ಇಷ್ಟು ಮಡಿವಂತಿಕೆಯ ಗೌರವವನ್ನು ತಮಗೆ ಗೋವೆಯ ಕಡೆ ಯಾರೂ ಕೊಡುತ್ತಿಲ್ಲವೆಂಬುದನ್ನು ನೆನಪಿಸಬಯಸುತ್ತೇನೆ.

ಇನ್ನು ನಾವು ತಮ್ಮಲ್ಲಿಗೆ ಬಂದ ಬಗೆ. ನಮ್ಮ ನೆರೆಮನೆಯ ಅಬ್ದುಲ್ ಗನಿ ಸಾಹೇಬರು ಫರಸಿಯ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ, ವ್ಯಾಪಾರಿ, ಬೆರಳ ಗೆಣ್ಣಿನಿಂದ ಒಮ್ಮೆ ಕುಟ್ಟಿ ನೋಡಿ ಇದು ಯಾವ ಖಣಿಯ ಕಲ್ಲು ಎಂದು ಹೇಳುವವರು. ಚೆನ್ನೈನ ಗುತ್ತಿಗೆದಾರನೊಬ್ಬ ಅವರ ಕಲ್ಲನ್ನು ಹಡಗಿನಲ್ಲಿ ಹೇರಿಕೊಂಡು ಹೋಗಿ ಬಂಗಾಳ ಕೊಲ್ಲಿಯಾಚೆಯ ಒಂದು ಪುಟ್ಟ ದ್ವೀಪದ ಅತಿಥಿಗೃಹಕ್ಕೆ ಹಾಸಿಸಿದ್ದ. ಮಾಲೀಕರು ಸಂತೋಷಪಟ್ಟು, ಮನೆಮಂದಿಯನ್ನು ಕರೆದುಕೊಂಡು ಬಂದು ಒಂದು ವಾರ ಇದ್ದು ಹೋಗಿರೆಂದು ಪತ್ರ ಬರೆದರು. ಗನಿ ಸಾಹೇಬರು ಆ ಪತ್ರ ಹಿಡಿದುಕೊಂಡು ನೇರ ನಮ್ಮ ಕಟ್ಟೆಗೆ ಬಂದು, "ಮನೆಮಂದಿ ಅಂದ್ರ ನಾನು, ನಮ್ಮ ಮನ್ಯಾಕಿ ಅಖ್ತರ ಬೇಗಂ, ನೀವು ಮೂರು ಮಂದಿ. ಗೋಡಿ ಒಂದೇ ಅದ ಅಂದ್ಮ್ಯಾಲೆ ಮನಿ ಬ್ಯಾರೆ ಹ್ಯಾಂಗ ಆಗ್ತದ್ರಿ ಮಾಸ್ತರ್?" ಎಂದರು. ಹೀಗೆ ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ, ಚೆನ್ನೈನಲ್ಲಿ ಹಡಗು ಹತ್ತಿ, ಮೂರು ದಿನ ಅವಲಕ್ಕಿ ಮೊಸರಿನ ಮೇಲೆ ತೇಲಿ, ಅಷ್ಟಮಿಯ ಸಂಜೆ ನಾವು ಐದು ಜನ ತಮ್ಮ ಅಂಗಳದಲ್ಲಿ ಇಳಿದೆವು. ವಾಪಸು ದೋಣಿ ಮುಂದಿನ ಬುಧವಾರ ಮಧ್ಯಾಹ್ನ ಮೂರಕ್ಕೆ. ಅತ್ಯಾ ಪಂಚಾಂಗ ತೆಗೆದು ನೋಡಿದರು: ಅದೇ ಬುಧವಾರ ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೆ ಅಮಾವಾಸ್ಯೆ ಪ್ರವೇಶ. ಇಡೀ ಪ್ರವಾಸದಲ್ಲಿ ಅವರಿಗೆ ತಮ್ಮನ್ನು ಮುಟ್ಟಲು ಇದ್ದ ಸಮಯ ಎರಡು ತಾಸು ನಲವತ್ತು ನಿಮಿಷ.

"ಅಷ್ಟರಾಗ ಸಮುದ್ರ ಕಟಿಪಿಟಿ ಮಾಡಿದ್ರ?" ಎಂದು ಅವರು ಕೇಳಿದಾಗ ನಾನು, ಭೂಗೋಳದ ಮಾಸ್ತರ, ಎದೆ ತಟ್ಟಿ ಹೇಳಿದೆ: "ಅತ್ಯಾ, ಅಮಾವಾಸ್ಯೆ ಹುಣ್ಣಿಮಿಗೆ ದೊಡ್ಡ ಉಬ್ಬರ. ಸೂರ್ಯ ಚಂದ್ರ ಕೂಡಿ ಜಗ್ತಾರ. ಅವತ್ತ ಸಮುದ್ರ ತಾನೇ ಎದ್ದು ನಿಮ್ಮ ಬಾಗಿಲಿಗೆ ಬರ್ತದ." ಈ ಮಾತು ಮುಂದೆ ನನಗೆ ಎಷ್ಟು ದುಬಾರಿಯಾಯಿತೆಂಬುದನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಆ ವಾರದ ಸೊಬಗನ್ನು ಹೊಗಳದೆ ಮುಂದೆ ಹೋದರೆ ಕೃತಘ್ನತೆಯಾದೀತು. ಊರಿನಲ್ಲಿ ನಲವತ್ತನಾಲ್ಕು ಡಿಗ್ರಿ ಬಿಸಿಲಿಗೆ ಕಾಗೆಗಳೂ ಹಾರುವುದನ್ನು ಬಿಟ್ಟು ನಡೆದುಕೊಂಡು ಹೋಗುವ ಹೊತ್ತಿನಲ್ಲಿ, ಅಲ್ಲಿ ತಾವು ಹಸಿರೋ ನೀಲಿಯೋ ತಮಗೇ ಖಾತ್ರಿಯಿಲ್ಲದಂತೆ ಹೊಳೆಯುತ್ತಿದ್ದಿರಿ. ತೆಂಗಿನಮರಗಳು ತಮ್ಮ ಕಡೆ ಬಾಗಿ ಏನೋ ಗುಟ್ಟು ಕೇಳುತ್ತಿದ್ದವು. ಅಲ್ಲಿ ಮಾಡಬೇಕಾದ ಕೆಲಸವೆಂದರೆ ದಂಡೆಯ ಗುಂಟ ನಡೆಯುವುದು, ಕೂಡುವುದು, ಮತ್ತೆ ನಡೆಯುವುದು. ನಮ್ಮ ಕಡೆಯವರಿಗೆ ಇದು ಅಭ್ಯಾಸವಿಲ್ಲದ ವಿದ್ಯೆ. ಮೊದಲ ಬೆಳಗ್ಗೆ ಹತ್ತು ಹೆಜ್ಜೆ ನಡೆದು ಅತ್ಯಾ ನಿಂತರು. "ಎಲ್ಲಿಗೆ ಹೊಂಟೀವಿ?" ಎಂದರು. ಎಲ್ಲಿಗೂ ಇಲ್ಲ ಎಂದೆ. "ಮತ್ತ ಯಾಕ ಹೊಂಟೀವಿ?" ಎಂದರು. ಇದಕ್ಕೆ ಜಗತ್ತಿನ ಯಾವ ಪ್ರವಾಸೋದ್ಯಮ ಇಲಾಖೆಯ ಬಳಿಯೂ ಉತ್ತರವಿಲ್ಲ. ಕೊನೆಗೆ ಒಂದೂವರೆ ತಾಸು ನಡೆದರೆ ದ್ವೀಪವನ್ನು ಸುತ್ತಿ ಹೊರಟಲ್ಲಿಗೇ ಬರುತ್ತೇವೆಂದು ತಿಳಿದಾಗ ಅವರ ಮುಖ ಅರಳಿತು. "ಹಂಗಾರ ಪ್ರದಕ್ಷಿಣಿ ಅನ್ನು, ವಾಕಿಂಗ್ ಅಂತ ಯಾಕ ಅಂತಿ?" ಎಂದು ದ್ವೀಪವನ್ನು ಬಲಕ್ಕೆ ಇಟ್ಟುಕೊಂಡು ಹೊರಟರು. ಹಿಂದೆ ಬರುತ್ತಿದ್ದ ಗನಿ ಸಾಹೇಬರು, "ಮಾಸ್ತರ್, ಹೊಳ್ಳಿ ನೋಡ್ರಿ, ಇದು ದ್ವೀಪಕ್ಕ ಪ್ರದಕ್ಷಿಣಿ, ಸಮುದ್ರಕ್ಕ ಉಲ್ಟಾ. ಆತ ಸಿಟ್ಟಾಗಂಗಿಲ್ಲೇನು?" ಎಂದು ಕೇಳಿದರು. ಅವರು ತಮಾಷೆಗೆ ಕೇಳಿದ್ದು ನಿಜ. ತಾವು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರೆಂಬುದಕ್ಕೆ ನನ್ನ ಎಡಗಾಲೇ ಸಾಕ್ಷಿ.

ಏಕೆಂದರೆ ದ್ವೀಪ ಬಲಕ್ಕಿದ್ದರೆ ತಾವು ಎಡಕ್ಕೆ. ಅತ್ಯಾ ಊರುಗೋಲಿನಿಂದ ಮರಳಿನ ಮೇಲೆ ಗೆರೆ ಎಳೆಯುತ್ತ ನಡೆದಿದ್ದರು, ಗೆರೆಯ ಈಚೆ ನಾವು, ಆಚೆ ತಾವು ಎಂಬ ಕರಾರು. ನವಮಿಯ ಆ ಬೆಳಗ್ಗೆ ಏಳೂವರೆಗೆ ತಾವು ಯಾವ ಮುನ್ಸೂಚನೆಯೂ ಇಲ್ಲದೆ, ಗೆರೆ ದಾಟಿ, ನೊರೆ ಕಾರುತ್ತ ಬಂದಿರಿ. ಪರ್ವವಲ್ಲದ ದಿನ ತಮ್ಮನ್ನು ಮುಟ್ಟಬಾರದೆಂದು ನಾನು ಭಕ್ತಿಯಿಂದ ಹಿಂದಕ್ಕೆ ಹಾರಿದೆ. ನಾನು ಬಂದೆ, ಚಪ್ಪಲಿ ಬರಲಿಲ್ಲ. ಅದು ಎರಡು ಸಲ ಹೊರಳಿ, ತಿರುಗಿ ನೋಡಿ, ತಮ್ಮ ಜೊತೆ ಹೊರಟುಹೋಯಿತು. ಅತ್ಯಾ ಊರುಗೋಲಿನಿಂದ ಅದರ ಕಡೆ ತೋರಿಸಿ, "ಎಪ್ಪತ್ತೆರಡು ವರ್ಷ ದಾರಿ ಕಾದಾಕಿ ನಾನು. ನನಗಿಂತ ಮೊದಲ ನಿನ್ನ ಚಪ್ಪಲಿಗೆ ಸಮುದ್ರಸ್ನಾನ ಆತಲ್ಲೋ!" ಎಂದರು. ಅಖ್ತರ ಬೇಗಂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಪುಣ್ಯ ಮಾಡಿತ್ತು ಬಾಯಿ, ಎಡಗಾಲಾಗಿ ಹುಟ್ಟಿತ್ತು" ಎಂದರು.

ಅಂದಿನಿಂದ ತಾವು ತೋರಿದ ಆದರಕ್ಕೆ ಮಿತಿಯೇ ಇರಲಿಲ್ಲ. ದಶಮಿಯಂದು ಅತ್ಯಾ ತೆಂಗಿನ ಬೊಡ್ಡೆಗೆ ಒರಗಿ ಜಪ ಮಾಡುವಾಗ ಅವರ ಆಸನದ ಅಂಚಿನವರೆಗೆ ಬಂದು ನಮಸ್ಕರಿಸಿ ಹೋದಿರಿ. ದ್ವಾದಶಿಯಂದು ಪಾರಣೆಯ ಎಲೆಯವರೆಗೆ ಬಂದಿರಿ. ತ್ರಯೋದಶಿಯಂದು ಒಣಗಹಾಕಿದ ಸೀರೆಯ ಸೆರಗನ್ನು ಹಿಡಿದು ಜಗ್ಗಿದಿರಿ. ಮುಟ್ಟಬಾರದ ದಿನಗಳಲ್ಲೆಲ್ಲ ಇಷ್ಟು ಸಲಿಗೆ ತೋರಿಸಿದವರು ಮುಟ್ಟಬಹುದಾದ ದಿನ ಅಪ್ಪಿಕೊಂಡೇ ಬಿಡುತ್ತೀರೆಂದು ನಾವು ನಂಬಿದೆವು. ನಂಬಿಸುವುದರಲ್ಲಿ ತಮ್ಮನ್ನು ಮೀರಿಸಿದವರನ್ನು ನಾನು ಚುನಾವಣೆಯ ಕಾಲದಲ್ಲಿ ಮಾತ್ರ ನೋಡಿದ್ದೇನೆ.

ನಡುವೆ ಏಕಾದಶಿಯಂದು ದೋಣಿವಿಹಾರ. ನೀರು ಮುಟ್ಟದೆ ದೋಣಿ ಹತ್ತುವುದು ಹೇಗೆ? ದೋಣಿಯವನು ಶ್ರೀಕಾಕುಳಂ ಕಡೆಯ ತೆಲುಗಿನವನು. ಅತ್ಯಾ ತೆಲುಗಿನಲ್ಲಿ ನಾಲ್ಕು ಮಾತಾಡಿದ್ದೇ ತಡ, ಅವನು ದೋಣಿಯನ್ನು ಒಣ ಮರಳಿನ ಮೇಲೆ ಎಳೆದು ತಂದು, ಅವರನ್ನು ನೆಲದ ಮೇಲೆಯೇ ಅದರಲ್ಲಿ ಕೂಡಿಸಿ, ಇನ್ನಿಬ್ಬರನ್ನು ಕರೆದು, ಮೆರವಣಿಗೆಯ ಪಲ್ಲಕ್ಕಿಯಂತೆ ನೂಕಿ ನೀರಿಗೆ ಬಿಟ್ಟ. ದೋಣಿಯ ತಳಕ್ಕೆ ಗಾಜು ಕೂಡಿಸಿತ್ತು. ಹಳದಿ, ನೀಲಿ, ಪಟ್ಟೆ ಪಟ್ಟೆಯ ಮೀನುಗಳು ನಮ್ಮ ಪಾದದ ಕೆಳಗೆ ಓಡಾಡತೊಡಗಿದ್ದೇ ಅತ್ಯಾ ಗಟ್ಟಿಯಾಗಿ ಕಣ್ಣು ಮುಚ್ಚಿ, "ಏಕಾದಶಿ ದಿವಸ ಮೀನಾ ತೋರಸ್ತೀಯಲ್ಲೋ, ನಿನ್ನ ಬುದ್ಧಿಗಿಷ್ಟು!" ಎಂದರು. ಮತ್ಸ್ಯಾವತಾರವನ್ನು ನೆನಪಿಸಿದೆ. ಒಂದು ಕಣ್ಣು ತೆರೆದರು. ಸ್ವಲ್ಪ ಹೊತ್ತಿನ ಮೇಲೆ ಎರಡನೆಯದೂ ತೆರೆಯಿತು. ಆಮೇಲೆ ಒಂದು ತಾಸು ಅವರು ತಲೆ ಎತ್ತಲಿಲ್ಲ, "ಅಗೋ ಅಖ್ತರಬಿ, ಆ ದಪ್ಪಂದು ನೋಡು, ಥೇಟ್ ನಮ್ಮ ಹೆಡ್‌ಮಾಸ್ತರ ನಡದಂಗ ನಡೀತದ" ಎನ್ನುತ್ತ ಕೂತರು. ಸ್ವಾಮೀ, ಆ ಒಂದು ತಾಸಿಗಾಗಿ ನಾನು ತಮ್ಮ ಮೇಲಿನ ಚಪ್ಪಲಿಯ ಖಟ್ಲೆಯನ್ನು ಹಿಂತೆಗೆದುಕೊಳ್ಳಬೇಕೆಂದೇ ಇದ್ದೆ.

ಇಳಿಯುವಾಗ ದೋಣಿಯವನು ತೆಲುಗಿನಲ್ಲಿ ಅತ್ಯಾರಿಗೆ ಒಂದು ಮಾತು ಹೇಳಿದ: ಪೆದ್ದಮ್ಮಾ, ಅಂದರೆ ದೊಡ್ಡಮ್ಮಾ, ಅಮಾವಾಸ್ಯೆಯ ಮಧ್ಯಾಹ್ನ ಇದು ಇಲ್ಲಿ ಇರುವುದಿಲ್ಲ, ಬಹಳ ದೂರ ಹೋಗಿಬಿಡುತ್ತದೆ, ಸ್ನಾನವಿದ್ದರೆ ಬೆಳಗ್ಗೆಯೇ ಮುಗಿಸಿ. ಅತ್ಯಾ ನನ್ನ ಮುಖ ನೋಡಿದರು. ನಾನು ನಕ್ಕು, "ಅವಗೇನು ಗೊತ್ತದ ಅತ್ಯಾ, ಪುಸ್ತಕ ಓದಿಲ್ಲ" ಎಂದೆ. ಮಾನ್ಯರೇ, ಇಲ್ಲಿ ಒಂದು ತಪ್ಪೊಪ್ಪಿಗೆ ಅವಶ್ಯ. ನಮ್ಮ ಪಾಠದ ಹೆಸರು ಉಬ್ಬರವಿಳಿತ. ಆದರೆ ಇಪ್ಪತ್ತಾರು ವರ್ಷಗಳ ಪರೀಕ್ಷೆಗಳಲ್ಲಿ ಬಂದದ್ದು ಉಬ್ಬರದ ಪ್ರಶ್ನೆಯೇ. ಇಳಿತಕ್ಕೆ ಯಾರೂ ಒಂದು ಅಂಕವನ್ನೂ ಇಟ್ಟವರಲ್ಲ. ಹೀಗಾಗಿ ನಾನು ಇಳಿತ ಇರುವ ಪುಟವನ್ನು ಮಕ್ಕಳಿಗೆ ಮನೆಯಲ್ಲಿ ಓದಿಕೊಳ್ಳಲು ಹೇಳಿ, ನಾನೂ ಬಿಟ್ಟುಬಿಟ್ಟಿದ್ದೆ. ಎಷ್ಟು ಏರಿದ್ದೋ ಅಷ್ಟೇ ಇಳಿಯುತ್ತದೆಂಬುದು ಶಾಲೆ ನೋಡದ ದೋಣಿಯವನಿಗೆ ಗೊತ್ತಿತ್ತು, ಭೂಗೋಳದ ಮಾಸ್ತರನಿಗೆ ಗೊತ್ತಿರಲಿಲ್ಲ.

ಬುಧವಾರ ಬೆಳಗ್ಗೆ ಒಂಬತ್ತಕ್ಕೆ ತಾವು ಅತಿಥಿಗೃಹದ ಮೆಟ್ಟಿಲ ತನಕ ಬಂದಿದ್ದಿರಿ. ಗನಿ ಸಾಹೇಬರ ಕಲ್ಲನ್ನು ನೆಕ್ಕುತ್ತಿದ್ದಿರಿ. ಅತ್ಯಾ ಮಡಿಸೀರೆ ಉಟ್ಟು, ತಾಮ್ರದ ತಂಬಿಗೆ ಹಿಡಿದು, ನೀರೂ ಕುಡಿಯದೆ ಮೆಟ್ಟಿಲ ಮೇಲೆ ಕೂತಿದ್ದರು. ಒಂದು ಕೈಯಳತೆಯಲ್ಲಿ ತಾವು, ಆದರೆ ಇನ್ನೂ ಚತುರ್ದಶಿ. ಅಖ್ತರ ಬೇಗಂ, "ಇಷ್ಟು ಹತ್ತಿರ ಬಂದದ, ಒಂದೆರಡು ತಾಸು ಹಿಂದ ಮುಂದ ಆದ್ರ ಏನಾಗ್ತದ ಬಾಯಿ?" ಎಂದಾಗ, "ನೀ ರೋಜಾದ ಉಪವಾಸ ಬಿಡೋ ಹೊತ್ತು ಎರಡು ತಾಸು ಹಿಂದ ಮುಂದ ಮಾಡ್ತೀ ಏನು?" ಎಂದು ಕೇಳಿದರು. ಬೇಗಂ ಪಕ್ಕದಲ್ಲಿ ಕೂತು ತಮಗೆ ಬೀಸಣಿಗೆ ಬೀಸಿಕೊಳ್ಳುತ್ತ ಅವರಿಗೂ ಬೀಸಿದರು. ಹತ್ತಾಯಿತು. ತಾವು ಒಂದು ಮೆಟ್ಟಿಲು ಇಳಿದಿರಿ. ಹನ್ನೊಂದಕ್ಕೆ ಮರಳಿನ ಮೇಲೆ. ಹನ್ನೆರಡಕ್ಕೆ ದೋಣಿಗಳು ಕೆಸರಿನಲ್ಲಿ ಮಗ್ಗುಲಾದವು. ಹನ್ನೆರಡೂ ಇಪ್ಪತ್ತಕ್ಕೆ ನಾನು ಕೈಗಡಿಯಾರ ನೋಡಿ, "ಅತ್ಯಾ, ಅಮಾವಾಸ್ಯೆ ಹತ್ತಿತು" ಎಂದು ಹೇಳಿ ತಲೆ ಎತ್ತಿದರೆ, ತಮ್ಮ ಪತ್ತೆಯೇ ಇಲ್ಲ! ಎಲ್ಲಿ ನೋಡಿದರೂ ತೊಯ್ದ ನೆಲ, ಕಲ್ಲು, ಪಾಚಿ, ಗಾಬರಿಯಾದ ಏಡಿಗಳು, ಮತ್ತು ಅರ್ಧ ಮೈಲಿನಾಚೆ ಬಿಳಿಯದೊಂದು ದಾರದಂತೆ ತಾವು. ವಾರವಿಡೀ ಬೇಡವೆಂದರೂ ಸೆರಗು ಜಗ್ಗಿದವರು, ಬಾ ಎಂದ ಗಳಿಗೆಗೆ ಸರಿಯಾಗಿ ರಜೆ ಹಾಕಿ ಹೋಗಿದ್ದಿರಿ. ಸರಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಸೇವೆ ಸಲ್ಲಿಸಿದವರಿಗೂ ಇಷ್ಟು ಕರಾರುವಾಕ್ಕಾಗಿ ಗೈರಾಗುವುದು ಸಾಧ್ಯವಿಲ್ಲ.

ಅತ್ಯಾ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬಾಗಿಲಿಗೆ ಬರ್ತದ ಅಂದಿದ್ದಿಯಲ್ಲೋ ಪಾಂಡ್ಯಾ" ಎಂದಷ್ಟೇ ಹೇಳಿ, ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಆ ಬಿಳಿ ದಾರವನ್ನು ನೋಡುತ್ತ ಕೂತರು. ಕಲ್ಲಿನ ಮೇಲೆ, ಪಾಚಿಯ ಮೇಲೆ ಅರ್ಧ ಮೈಲು, ಆ ಮೊಣಕಾಲುಗಳು. ಎತ್ತಿಕೊಂಡು ಹೋಗಲು ನನಗೆ ಬೆನ್ನಿಲ್ಲ, ಹರಿಪ್ರಿಯಾ ಆಗಲೇ ಒಮ್ಮೆ ಜಾರಿ ಕೂತಿದ್ದಳು. ಆಗ ಅಖ್ತರ ಬೇಗಂ ಎದ್ದು ನಿಂತು, ಕೈ ಚಾಚಬೇಕೆಂದು ಚಾಚಿ, ಅತ್ಯಾರ ಮಡಿ ನೆನಪಾಗಿ ಹಿಂದಕ್ಕೆ ತೆಗೆದುಕೊಂಡರು. ಅತ್ಯಾ ಆ ಕೈಯನ್ನು ನೋಡಿದರು. ಎಪ್ಪತ್ತೆರಡು ವರ್ಷಗಳ ಶಾಸ್ತ್ರಜ್ಞಾನವನ್ನೆಲ್ಲ ಒಮ್ಮೆ ಮನಸ್ಸಿನಲ್ಲಿ ತಿರುವಿ ಹಾಕಿ, "ಸ್ನಾನಕ್ಕ ಹೊಂಟಾಕೀಗಿ ಮೈಲಿಗಿ ಎಲ್ಲೀದು? ಮಡಿ ಆಗೋದು ತೊಯ್ಸಿಕೊಂಡ ಮ್ಯಾಲೆ. ಹಿಡಿ ಅಖ್ತರಬಿ, ಗಟ್ಟಿ ಹಿಡಿ" ಎಂದರು. ಇದಕ್ಕಿಂತ ಗಟ್ಟಿಯಾದ ತೀರ್ಪನ್ನು ಚಿತ್ತಾಪುರದ ಕೋರ್ಟಿನಲ್ಲಿಯೂ ಕೇಳಿಲ್ಲ.

ಹೀಗೆ ಇಬ್ಬರು ಹೆಂಗಸರು ಕೈ ಕೈ ಹಿಡಿದುಕೊಂಡು ಮುಂದೆ, ತಂಬಿಗೆ ಹಿಡಿದುಕೊಂಡು ಒಂದೇ ಚಪ್ಪಲಿಯ ಗತಿಯಲ್ಲಿ ನಾನು, ಗನಿ ಸಾಹೇಬರು, ಹರಿಪ್ರಿಯಾ ಹಿಂದೆ. ನಾವು ಮೂವರೂ ಜಾರಿದೆವು. ಅವರಿಬ್ಬರು ಜಾರಲಿಲ್ಲ. ನೂರು ಹೆಜ್ಜೆ ಹೋದ ಮೇಲೆ ಅತ್ಯಾ ನಿಂತು, ಬಗ್ಗಿ, ಅಂಗಾಲನ್ನು ನೆಲದ ಮೇಲೆ ಒಮ್ಮೆ ಹೀಗೆ, ಒಮ್ಮೆ ಹಾಗೆ ತಿಕ್ಕಿ ನೋಡಿ, "ಏ ಪಾಂಡ್ಯಾ, ಇದು ನಮ್ಮ ಬಚ್ಚಲದ ಕಲ್ಲಲ್ಲೇನೋ!" ಎಂದರು. ನೋಡಿದರೆ ಹೌದು. ಮರಳಿನ ಮೇಲೆ ತಮ್ಮ ಅಲೆಗಳು ಬಿಟ್ಟುಹೋದ ಸಾಲು ಸಾಲು ಏರಿಳಿತ, ನಮ್ಮ ಬಚ್ಚಲಕ್ಕೆ ಹಾಸಿದ ಆ ಏರಿಳಿತದ ಫರಸಿಯ ಪಡಿಯಚ್ಚು. ಗನಿ ಸಾಹೇಬರು ಕೂತು, ಅಭ್ಯಾಸಬಲದಿಂದ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ, "ಖರೇ ಅದ. ಇಂಥಾ ಅಲೆ ಬಿದ್ದ ಕಲ್ಲಿಗೆ ಪಾಲಿಶ್ ಹತ್ತಂಗಿಲ್ಲ ಅಂತ ಪಡಸಾಲಿಗೆ ಯಾರೂ ಒಯ್ಯಂಗಿಲ್ಲ. ಕಾಲು ಜಾರಂಗಿಲ್ಲ ಅಂತ ಬಚ್ಚಲಕ್ಕೇ ಕೊಡೋದು. ನಿಮ್ಮ ಮನಿಗೆ ನಮ್ಮ ಅಬ್ಬಾ ಕೊಟ್ಟಿದ್ರು" ಎಂದರು.

ಇಲ್ಲಿ ನನ್ನೊಳಗಿನ ಮಾಸ್ತರ ಎಚ್ಚೆತ್ತುಕೊಂಡ. ಕಳೆದುಕೊಂಡ ಮಾನವನ್ನು ಮರಳಿ ಪಡೆಯುವ ಆತುರದಲ್ಲಿ ನಾನು, ಕೋಟಿ ಕೋಟಿ ವರ್ಷಗಳ ಹಿಂದೆ ಶಹಾಬಾದವೇ ಸಮುದ್ರವಾಗಿತ್ತು, ಚಿತ್ತಾಪುರ, ವಾಡಿ, ಸೇಡಂ ಎಲ್ಲವೂ ಅದರ ತಳ, ಅದರ ಕೆಸರೇ ಒತ್ತಿ ಗಟ್ಟಿಯಾಗಿ ನಮ್ಮ ಕಲ್ಲಾಯಿತು, ನಮ್ಮ ಬಚ್ಚಲದ ಆ ಗೆರೆಗಳು ಅಂದಿನ ಅಲೆಗಳದ್ದೇ ಎಂದು, ಕಪ್ಪುಹಲಗೆಯೊಂದು ಇಲ್ಲವೆಂಬುದನ್ನು ಬಿಟ್ಟರೆ ಉಳಿದೆಲ್ಲ ರೀತಿಯಿಂದಲೂ ಪೂರ್ಣವಾದ ಪಾಠ ಮಾಡಿದೆ. ಅತ್ಯಾ ಬಾಯಿ ತೆರೆದು ಕೇಳಿದರು. ಐವತ್ತು ವರ್ಷ ಆ ಕಲ್ಲನ್ನು ತಿಕ್ಕಿ ತೊಳೆದ ಅವರ ಪಾದಗಳಿಗೆ ದಾರಿ ಗೊತ್ತಿತ್ತು. ಆಮೇಲೆ ಅವರು ಅಖ್ತರ ಬೇಗಂರ ಕೈಯನ್ನು ಆಧಾರಕ್ಕೆ ಹಿಡಿಯಲಿಲ್ಲ, ಜೊತೆಗೆ ಹಿಡಿದರು.

ತಾವು ಅಲ್ಲಿ ಮೊಣಕಾಲಿನಷ್ಟೇ ಇದ್ದಿರಿ. ಅತ್ಯಾ ಸಂಕಲ್ಪ ಹೇಳಿ, ಹಾಗೆಯೇ ಕೂತುಬಿಟ್ಟರು. ತಂಬಿಗೆ ಕೊಡಲು ನಾನು ಬಗ್ಗುವಷ್ಟರಲ್ಲಿ ಎಲ್ಲಿಂದಲೋ ಒಂದು ಅಲೆ ಎದ್ದು ಬಂದು, ಬಹಳ ದೊಡ್ಡದೂ ಅಲ್ಲ, ಬಹಳ ಸಣ್ಣದೂ ಅಲ್ಲ, ಅವರ ನೆತ್ತಿಯ ಮೇಲಿಂದ ಹಾದುಹೋಯಿತು. ಅವರು ನೀರಿನಿಂದ ಮುಖ ಎತ್ತಿದಾಗ ನಗುತ್ತಿದ್ದರು. ಎಲ್ಲೋ ದೂರದಲ್ಲಿ ದೋಣಿಯ ಶಿಳ್ಳೆ ಕೇಳಿಸಿತು. "ಕೂಗಲಿ ಬಿಡು. ಇನ್ನೊಂದು ಬರ್ಲಿ" ಎಂದರು. ಇನ್ನೊಂದು ಬಂತು. ಮೂರನೆಯದೂ ಬಂತು, ಅದು ಅಖ್ತರ ಬೇಗಂರಿಗೂ ಅರ್ಧ ಪಾಲು ಕೊಟ್ಟಿತು. ಮಾನ್ಯರೇ, ದೂರಿನ ಪತ್ರದಲ್ಲಿ ಹೊಗಳಿಕೆ ಸಲ್ಲದು. ಆದ್ದರಿಂದ ಆ ಮೂರು ಅಲೆಗಳ ಬಗ್ಗೆ ನಾನು ಏನನ್ನೂ ಬರೆಯುವುದಿಲ್ಲ. ವಾಪಸು ದೋಣಿಯನ್ನೂ ನಡೆಸುತ್ತಿದ್ದ ಅದೇ ತೆಲುಗಿನವನು ಮೂರೂಕಾಲಿನ ತನಕ ಹಗ್ಗ ಬಿಚ್ಚದೆ ಪೆದ್ದಮ್ಮನ ದಾರಿ ಕಾದನೆಂಬುದನ್ನು ಮಾತ್ರ, ಪುಸ್ತಕ ಓದದವರ ಖಾತೆಗೆ ಸೇರಿಸುತ್ತೇನೆ.

ಇಲ್ಲಿಗೆ ಕತೆ ಮುಗಿದಿದ್ದರೆ ನಾನು ಒಂದು ಕೃತಜ್ಞತೆಯ ಕಾರ್ಡು ಹಾಕಿ ಸುಮ್ಮನಾಗುತ್ತಿದ್ದೆ. ಆದರೆ ರೈಲು ರಾಯಚೂರು ಬಿಟ್ಟ ಮೇಲೆ ಅತ್ಯಾ ಅಂಗಾಲನ್ನು ಬೋಗಿಯ ನೆಲಕ್ಕೆ ತಿಕ್ಕತೊಡಗಿದರು. ಕೃಷ್ಣಾ ದಾಟಿತು, ಕೈಮುಗಿದರು, ಮತ್ತೆ ತಿಕ್ಕಿದರು. ವಾಡಿಯ ಸಿಮೆಂಟು ಚಿಮಣಿಗಳು ಕಂಡಾಗ ತಟ್ಟನೆ ನನ್ನ ಕಡೆ ತಿರುಗಿ, "ಪಾಂಡ್ಯಾ, ನಮ್ಮ ಬಚ್ಚಲದ ಕಲ್ಲು ಸಮುದ್ರ ಅಂದಿಯಲ್ಲ. ಅಂದ್ರ ಐವತ್ತು ವರ್ಷ ದಿನಾ ಮುಂಜಾನಿ ಪರ್ವ ನೋಡದೇ ನಾ ಸಮುದ್ರ ಮುಟ್ಟೀನಿ!" ಎಂದರು. ನನ್ನ ಪಾಠದ ಎರಡನೇ ಇಳಿತ ಅಲ್ಲಿಂದ ಶುರುವಾಯಿತು.

ಮನೆ ಮುಟ್ಟಿದ ದಿನವೇ ಕಟ್ಟಳೆ ಜಾರಿಯಾಯಿತು: ಬಚ್ಚಲಕ್ಕೆ ಪ್ರವೇಶ ಅಮಾವಾಸ್ಯೆ, ಹುಣ್ಣಿಮೆಗೆ ಮಾತ್ರ. ಉಳಿದ ದಿನ ಸಮಸ್ತರೂ ಅಂಗಳಕ್ಕೆ. ಆಮೇಲೆ ಬಂದ ವೈಶಾಖದ ಹುಣ್ಣಿಮೆಯಂದು ಅತ್ಯಾ ಮನೆಯ ಬಚ್ಚಲದಲ್ಲಿ ಕೂತು, ಶಹಾಬಾದ ಸಾಗರ ಎಂದು ಸಂಕಲ್ಪದಲ್ಲಿ ಹೇಳಿ, ಬಾವಿಯ ನೀರಿನಿಂದ ಒಂದು ತಾಸು ಸಮುದ್ರಸ್ನಾನ ಮಾಡಿದರು. ಹೊರಗೆ ಅಖ್ತರ ಬೇಗಂ ಬಾಗಿಲು ಬಡಿದು, "ಬಾಯಿ, ಅಲೆ ಬಂತೇನು?" ಎಂದು ಕೇಳಿದರೆ, ಒಳಗಿನಿಂದ, "ಎರಡು ಬಂದ್ವು, ಮೂರನೇದು ನಿನ್ನದದ, ತಡಿ" ಎಂಬ ಉತ್ತರ ಬಂತು. ಅವರ ಸಂತೋಷಕ್ಕೆ ನಾನು ಕಲ್ಲು ಹಾಕಲಾರೆ. ಆದರೆ ಉಳಿದ ಇಪ್ಪತ್ತೆಂಟು ದಿನ, ಸ್ವಾಮೀ, ನನ್ನ ವಿದ್ಯಾರ್ಥಿಗಳು ಸೈಕಲ್ಲಿನ ಮೇಲೆ ಹೋಗುತ್ತ ಚಾದರದ ಮೇಲಿಂದ ಕಾಣುವ ನನ್ನ ತಲೆಗೆ, "ನಮಸ್ಕಾರ ಸರ್" ಎನ್ನುತ್ತಾರೆ. ಸೋಪು ಹಚ್ಚಿದ ಕಣ್ಣಿನಿಂದ ನಾನು ಪ್ರತಿನಮಸ್ಕಾರ ಮಾಡುತ್ತೇನೆ.

ಆದ್ದರಿಂದ ತಮ್ಮಲ್ಲಿ ವಿನಂತಿ. ಶಹಾಬಾದದ ನಮ್ಮ ಬಚ್ಚಲದ ಆರು ಕಲ್ಲುಗಳ ಮೇಲೆ ತಮಗಾಗಲಿ, ತಮ್ಮ ವಾರಸುದಾರರಿಗಾಗಲಿ ಯಾವ ಹಕ್ಕೂ ಉಳಿದಿಲ್ಲವೆಂದು ಒಂದು ಹಕ್ಕು ಬಿಡುಗಡೆ ಪತ್ರ ಬರೆದುಕೊಡಬೇಕು. ಅದರ ಕರಡು ತಯಾರಿಸಲು ನಾನು ಚಿತ್ತಾಪುರದ ಕೋರ್ಟಿನ ಮುಂದೆ ಕೂಡುವ ಪತ್ರಬರಹಗಾರ ಸಾಯಬಣ್ಣನ ಹತ್ತಿರ ಹೋಗಿದ್ದೆ. ಅವನು ಎಲ್ಲವನ್ನೂ ಸಾವಧಾನದಿಂದ ಕೇಳಿ, ಪೆನ್ನಿನ ಟೋಪಿ ತೆಗೆದು, "ಬರಕೊಡವರ ಚಕ್ಕುಬಂದಿ ಹೇಳ್ರಿ ಸರ್. ಸಮುದ್ರದ ಪೂರ್ವಕ್ಕ ಯಾರ ಹೊಲ ಅದ?" ಎಂದು ಕೇಳಿದ. ಆ ಜಾಗವನ್ನು ತಮಗಾಗಿ ಖಾಲಿ ಬಿಡಿಸಿಕೊಂಡು ಬಂದಿದ್ದೇನೆ. ತಾವೇ ಖುದ್ದಾಗಿ ಬಂದು ಸಹಿ ಹಾಕಿದರೆ ಉತ್ತಮ. ಮೊದಲು ಇದ್ದ ಊರೇ, ದಾರಿ ಹೊಸದಲ್ಲ. ನಮ್ಮ ಹಳೆಯ ಖಣಿಗಳಲ್ಲಿ ಮಳೆನೀರು ನಿಲ್ಲಿಸಿ ಜಾಗ ಕಾದಿರಿಸಿದ್ದೇವೆ. ಬರುವುದಾದರೆ ದಯವಿಟ್ಟು ಉಬ್ಬರದ ಹೊತ್ತಿಗೆ ಬನ್ನಿ, ಇಳಿತಕ್ಕೆ ನಮ್ಮಲ್ಲಿ ಅಂಕವಿಲ್ಲ.

ಇಂತು ತಮ್ಮ ವಿಶ್ವಾಸಿ
(ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಮಾತ್ರ),
ಪಾಂಡುರಂಗ ಮಾಸ್ತರ,
ಅಂಗಳ, ಶಹಾಬಾದ.

ತಾ.ಕ.: ಬಲಗಾಲಿನ ಚಪ್ಪಲಿಯನ್ನು ಗೋಡೆಯ ಮಾಡದಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ಎಡದ್ದು ಈಗ ನನಗೆ ಬೇಡ. ಆದರೆ ಅಷ್ಟು ದೊಡ್ಡವರು ಒಂದೇ ಚಪ್ಪಲಿ ಹಾಕಿಕೊಂಡು ಅಮಾವಾಸ್ಯೆಗೆ ಅರ್ಧ ಮೈಲು ಓಡಿಹೋಗುವುದು ನೋಡಿದವರಿಗೆ ಚೆಂದ ಕಾಣಿಸುವುದಿಲ್ಲ.

ಪತ್ರವನ್ನು ಇಲ್ಲಿಯ ತನಕ ಓದಿದ ಚಿಂಚೋಳಿ ಕಡೆಯ ಬಂಧುಗಳಲ್ಲಿ ಒಂದು ಬೇಡಿಕೆ: ತಮ್ಮ ಗುಡ್ಡದ ಕರಿಕಲ್ಲು ಬೆಂಕಿಯಿಂದ ಹುಟ್ಟಿದ್ದು, ಅದಕ್ಕೆ ಸಮುದ್ರದ ಸಂಬಂಧವಿಲ್ಲವೆಂದು ಅತ್ಯಾರಿಗೆ ಪುಸ್ತಕ ತೋರಿಸಿ, ಈ ಸಲ ಎರಡೂ ಪುಟ ಓದಿ, ಒಪ್ಪಿಸಿದ್ದೇನೆ. ಯಾರ ಹಿತ್ತಲಲ್ಲಾದರೂ ಒಬ್ಬರು ಕೂತು ಸ್ನಾನ ಮಾಡುವಷ್ಟು ಅಗಲದ ಕರಿಕಲ್ಲು ಸುಮ್ಮನೆ ಬಿದ್ದಿದ್ದರೆ, ಶಹಾಬಾದದ ಬಸ್ಸಿನ ಮೇಲೆ ಹಾಕಿ ಕಳಿಸಿಕೊಡಿ. ಬಸ್ ಸ್ಟ್ಯಾಂಡಿನಿಂದ ಗನಿ ಸಾಹೇಬರು ಗಾಡಿ ತಂದು ಒಯ್ಯುತ್ತಾರೆ. ಆದಷ್ಟು ಬೇಗ ಕಳಿಸಿ, ಶಾಲೆ ಶುರುವಾಗಿದೆ.